ಬಂಡೆ ಹತ್ತುವವರಿಗೆ ಕಣ್ಣಿನ ತಾಲೀಮು: ಎಲ್ಲಿ ನೋಡಬೇಕು, ಎಷ್ಟು ಹೊತ್ತು ನೋಡಬೇಕು

ಶಿರಸಿ, ಕುಮಟಾ, ಕಾರವಾರದ ಕಡೆಯಿಂದ ಬದಾಮಿಗೋ ಹಂಪಿಗೋ ಹೋಗಿ ಬಂಡೆ ಹತ್ತಿ ಬರುವವರು ಈಗ ಸಾಕಷ್ಟು ಜನ ಇದ್ದಾರೆ. ಅವರೆಲ್ಲ ತಿರುಗಿ ತಿರುಗಿ ಕೇಳುವುದು ಒಂದೇ. ಬೆರಳಿಗೆ, ತೋಳಿಗೆ ಏನು ಮಾಡಬೇಕು ಅಂತ ಗೊತ್ತು, ಕಣ್ಣಿಗೆ ಏನಾದರೂ ತಾಲೀಮು ಇದೆಯಾ?

ಇದೆ. ಆದರೆ ನೀವು ಅಂದುಕೊಂಡ ಹಾಗೆ ಅಲ್ಲ. ಫೋನಿನಲ್ಲಿ ಚುಕ್ಕಿ ಹಿಂಬಾಲಿಸುವ ಆಟ, ಕಣ್ಣುಗುಡ್ಡೆ ಎಡಕ್ಕೆ ಬಲಕ್ಕೆ ತಿರುಗಿಸುವ ಕಸರತ್ತು, ಇವುಗಳಿಂದ ಆ ಆಟ ಮತ್ತು ಆ ಕಸರತ್ತು ಚೆನ್ನಾಗಿ ಬರುತ್ತದೆ, ಅಷ್ಟೇ. ಬಂಡೆಯ ಮೇಲೆ ಕೆಲಸಕ್ಕೆ ಬರುವುದು ಬೇರೆ: ಯಾವಾಗ ಎಲ್ಲಿ ನೋಡಬೇಕು, ನೋಟವನ್ನು ಅಲ್ಲಿಂದ ಯಾವಾಗ ತೆಗೆಯಬೇಕು, ನೋಡಿದ್ದನ್ನು ಹೇಗೆ ನೆನಪಿಟ್ಟುಕೊಳ್ಳಬೇಕು. ಇದನ್ನು ಹತ್ತುತ್ತಲೇ ಕಲಿಯಬೇಕು.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಕೈ ಪೂರ್ತಿ ಚಾಚಿ ಹೆಬ್ಬೆರಳು ಎತ್ತಿ, ಉಗುರನ್ನೇ ನೋಡಿ. ನಿಮ್ಮ ಕಣ್ಣಿಗೆ ಒಂದು ಕ್ಷಣದಲ್ಲಿ ನಿಚ್ಚಳವಾಗಿ ಕಾಣುವುದು ಸುಮಾರು ಅಷ್ಟಗಲ ಮಾತ್ರ, ಹೆಚ್ಚು ಕಡಿಮೆ 2 ಡಿಗ್ರಿ. ಸುತ್ತಲಿನದೆಲ್ಲ ಮಸುಕು. ಕಣ್ಣು ಪಟಪಟ ಜಾಗ ಬದಲಿಸುತ್ತಾ ಇರುವುದರಿಂದ ಎಲ್ಲವೂ ಸ್ಪಷ್ಟ ಅಂತ ನಮಗೆ ಅನಿಸುತ್ತದೆ. ಗೋಡೆಯ ಮೇಲೆ ನಿಂತಾಗ ಕಣ್ಣಿಂದ ಪಾದಕ್ಕೆ ಸುಮಾರು ಒಂದೂವರೆ ಮೀಟರ್ ದೂರ. ಅಷ್ಟು ದೂರದಲ್ಲಿ ನಿಚ್ಚಳ ಜಾಗ ಬರೀ 5 ಸೆಂಟಿಮೀಟರ್. ಅಂದರೆ ಕಾಲಿಡುವ ಜಾಗವನ್ನು ನೇರವಾಗಿ ನೋಡದೆ ಸುಮ್ನೆ ಅಂದಾಜಿನಲ್ಲಿ ಇಟ್ಟರೆ, ನೀವು ಮಸುಕಿನಲ್ಲಿ ಕಾಲಿಟ್ಟ ಹಾಗೆಯೇ.

ಶುರು ಮಾಡುವ ಮುಂಚೆ ಬೇಕಾದ್ದು

ಜಾಸ್ತಿ ಏನಿಲ್ಲ. ಒಂದು ನೋಟ್‌ಬುಕ್, ಪೆನ್ಸಿಲ್, ಫೋನಿನ ಸ್ಟಾಪ್‌ವಾಚ್ ಮತ್ತು ಕ್ಯಾಮೆರಾ, ಚಾಕ್ ಅಂದರೆ ಕೈಗೆ ಹಚ್ಚುವ ಬಿಳಿ ಪುಡಿ, ಸ್ವಲ್ಪ ಕಾಗದದ ಟೇಪು. ಗೋಡೆ ಬೇಕು. ಹತ್ತಿರದಲ್ಲಿ ಕ್ಲೈಂಬಿಂಗ್ ಜಿಮ್ ಇಲ್ಲದವರು ಶೆಡ್ಡಿನಲ್ಲಿ ಪ್ಲೈವುಡ್ ಹಲಗೆ ನಿಲ್ಲಿಸಿ ಹೋಲ್ಡ್ ಕೂರಿಸಿಕೊಳ್ಳಬಹುದು. ಹೋಲ್ಡ್ ಅಂದರೆ ಹಿಡಿಯಲು, ಕಾಲಿಡಲು ಸಿಗುವ ಯಾವುದೇ ಉಬ್ಬು, ಅಂಚು ಅಥವಾ ಗುಳಿ. ಅದೂ ಆಗದಿದ್ದರೆ ಚಿರೇಕಲ್ಲಿನ ಗಟ್ಟಿ ಪಾಗಾರ ಇದ್ದೇ ಇದೆಯಲ್ವಾ? ಅದರ ಸಣ್ಣ ಸಣ್ಣ ತೂತುಗಳು ಕಾಲಿನ ಅಭ್ಯಾಸಕ್ಕೆ ಬಹಳ ಒಳ್ಳೆಯವು. ನೆಲದಿಂದ ಒಂದಡಿ ಮೇಲೆ ಅಡ್ಡಡ್ಡ ಸಾಗಿ, ಸಾಕು. ಪಾಗಾರದ ಮೇಲಿನ ಸಾಲಿನ ಕಲ್ಲನ್ನು ಮಾತ್ರ ಎಳೆಯಬೇಡಿ, ಅದು ಕಿತ್ತು ಬರುತ್ತದೆ. ಸಂದಿಗೆ ಬೆರಳು ಹಾಕುವ ಮುಂಚೆ ಒಳಗೆ ಹಾವು, ಚೇಳು ಇದೆಯಾ ನೋಡಿ. ಚಿರೇಕಲ್ಲಿನ ಕ್ವಾರಿ ಗೋಡೆಗೆ, ಬಾವಿಯ ಗೋಡೆಗೆ ಹೋಗಲೇಬೇಡಿ. ಆ ಕಲ್ಲು ಮೆತ್ತಗೆ, ಯಾವಾಗ ಮುರಿಯುತ್ತದೆ ಅಂತ ಹೇಳಲಾಗದು.

ಕಣ್ಣಿನ ತಪಾಸಣೆ ಮಾಡಿಸಿ ಬಹಳ ದಿನ ಆಗಿದ್ದರೆ ಮೊದಲು ಅದನ್ನು ಮುಗಿಸಿ. ಸಣ್ಣ ನಂಬರಿನ ಕನ್ನಡಕವನ್ನು ಹತ್ತುವಾಗ ತೆಗೆದಿಡುವವರು ತುಂಬಾ ಜನ. ಹಾಗೆ ಮಾಡಬೇಡಿ, ಹಿಂದೆ ಪಟ್ಟಿ ಕಟ್ಟಿ ಹಾಕಿಕೊಳ್ಳಿ. ಚಾಳೀಸು ಬಂದವರಿಗೆ ಇನ್ನೊಂದು ಮಾತು. ಎರಡು ಪವರಿನ ಅಥವಾ ಪ್ರೊಗ್ರೆಸಿವ್ ಕನ್ನಡಕದ ಕೆಳಭಾಗ ಓದುವುದಕ್ಕೆ ಇರುವುದು. ಗೋಡೆಯ ಮೇಲೆ ಕೆಳಗೆ ನೋಡಿದರೆ ಆ ಭಾಗದಿಂದಲೇ ಪಾದ ಕಾಣುತ್ತದೆ, ಅದೂ ಮಂಜು ಮಂಜಾಗಿ. ಹತ್ತುವುದಕ್ಕೆ ದೂರದ ನಂಬರಿನ ಬೇರೆ ಕನ್ನಡಕ ಮಾಡಿಸಿಕೊಂಡರೆ ಈ ತೊಂದರೆ ಹೋಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಚಾಕ್ ಮೆತ್ತಿದ ಕೈಯಿಂದ ಕಣ್ಣು ಮುಟ್ಟಬಾರದು.

ಹಂತ 1: ನೆಲದ ಮೇಲೆ ನಿಂತು ರೂಟ್ ಓದುವುದು

ರೂಟ್ ಅಂದರೆ ಹತ್ತುವ ದಾರಿ. ಗೋಡೆಗೆ ಮೂಗು ತಾಗಿಸಿ ನಿಂತರೆ ಅದು ಕಾಣುವುದಿಲ್ಲ. ಹಿಂದೆ ಸರಿಯಿರಿ, ಎಡಕ್ಕೆ ಹೋಗಿ, ಬಲಕ್ಕೆ ಹೋಗಿ. ಒಂದು ಹೋಲ್ಡಿನ ಮೇಲ್ಭಾಗ ಕೆಳಗಿಂದ ಯಾವತ್ತೂ ಕಾಣುವುದಿಲ್ಲ. ಆದರೆ ಬದಿಯಿಂದ ನೋಡಿದರೆ ಅದು ಒಳಗೆ ಗುಳಿಯಾಗಿದೆಯಾ, ಹೊರಗೆ ಇಳಿಜಾರಾಗಿದೆಯಾ ಅಂತ ಸ್ವಲ್ಪ ಗೊತ್ತಾಗುತ್ತದೆ.

ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಇದಕ್ಕೆಂದೇ ಸಮಯ ಕೊಡುತ್ತಾರೆ. ಲೀಡ್ ವಿಭಾಗದಲ್ಲಿ, ಅಂದರೆ ಹಗ್ಗವನ್ನು ತಾವೇ ಕ್ಲಿಪ್ ಮಾಡುತ್ತಾ ಎತ್ತರದ ಗೋಡೆ ಹತ್ತುವ ಸ್ಪರ್ಧೆಯಲ್ಲಿ, ಫೈನಲ್ಲಿಗೆ ಮುಂಚೆ ಸ್ಪರ್ಧಿಗಳೆಲ್ಲ ಒಟ್ಟಿಗೆ ಬಂದು 6 ನಿಮಿಷ ಗೋಡೆ ನೋಡುತ್ತಾರೆ. ಕೆಲವರು ದುರ್ಬೀನನ್ನೂ ತರುತ್ತಾರೆ. ಕೈ ಗಾಳಿಯಲ್ಲಿ ಆಡಿಸುತ್ತಾ ಎಡ, ಬಲ, ಎಡ ಅಂತ ಲೆಕ್ಕ ಹಾಕುತ್ತಾರೆ. ನೀವೂ ಹಾಗೇ ಮಾಡಿ, ಯಾರು ನೋಡಿದರೂ ನಾಚಿಕೊಳ್ಳಬೇಡಿ.

ಓದುವಾಗ ಹೀಗೆ ಹೋಗಿ:

ಮೊದಲು ಕೊನೆಯ ಹೋಲ್ಡ್ ನೋಡಿ. ಅದನ್ನು ಯಾವ ಕೈಯಲ್ಲಿ ಹಿಡಿಯಬೇಕು? ಅಲ್ಲಿಂದ ಹಿಂದಕ್ಕೆ ಬನ್ನಿ. ಕೆಳಗಿನಿಂದ ಮೇಲಕ್ಕೆ ಓದಿದರೆ ಮೊದಲ ನಾಲ್ಕು ಹೆಜ್ಜೆ ಚೆನ್ನಾಗಿ ಓದಿ, ಆಮೇಲೆ "ಅಲ್ಲಿಗೆ ಹೋದ ಮೇಲೆ ನೋಡೋಣ" ಅಂತ ಬಿಟ್ಟುಬಿಡುತ್ತೇವೆ.

ಪ್ರತಿ ಹೋಲ್ಡಿಗೂ ಒಂದೇ ಪ್ರಶ್ನೆ: ಇದನ್ನು ಯಾವ ದಿಕ್ಕಿಗೆ ಎಳೆಯಬೇಕು? ಕೆಳಕ್ಕಾ, ಬದಿಗಾ, ಅಥವಾ ಅಡಿಯಿಂದ ಮೇಲಕ್ಕಾ? ಬಣ್ಣ, ಆಕಾರ ನೆನಪಿಟ್ಟುಕೊಂಡು ಪ್ರಯೋಜನ ಇಲ್ಲ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇದೇ ಕಂಡಿತು. ಪಳಗಿದವರಿಗೆ ನೆನಪಿದ್ದದ್ದು ಗೋಡೆ ಏನು ಮಾಡಲು ಬಿಡುತ್ತದೆ ಅನ್ನುವುದು, ಹೊಸಬರಿಗೆ ನೆನಪಿದ್ದದ್ದು ಹೋಲ್ಡುಗಳು ನೋಡಲು ಹೇಗಿದ್ದವು ಅನ್ನುವುದು.

ಕಾಲಿನ ಜಾಗ ಓದಿ. ಹತ್ತಕ್ಕೆ ಒಂಬತ್ತು ಜನ ಕೈಯ ಹೋಲ್ಡನ್ನು ಮಾತ್ರ ಓದುತ್ತಾರೆ. ಕಾಲಿಗೆ ಎಲ್ಲಿ ಜಾಗ ಅಂತ ಗೊತ್ತಿಲ್ಲದೆ ಕೈಯ ಲೆಕ್ಕ ಹಾಕಿ ಏನು ಮಾಡುತ್ತೀರಿ?

ಆಮೇಲೆ ಎರಡು ಜಾಗ ಗುರುತಿಸಿ: ಎಲ್ಲಿ ನಿಂತು ಸುಧಾರಿಸಿಕೊಳ್ಳಬಹುದು, ಮತ್ತು ಎಲ್ಲಿ ಕ್ರಕ್ಸ್, ಅಂದರೆ ದಾರಿಯ ಅತೀ ಕಷ್ಟದ ಭಾಗ.

ಎಚ್ಚರಿಕೆ ಒಂದಿದೆ. ಓದುವುದರಿಂದ ಶಕ್ತಿ ಹೆಚ್ಚುವುದಿಲ್ಲ. 2012ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ಮೊದಲೇ ನೋಡಿ ಹತ್ತಿದವರು ನೋಡದೆ ಹತ್ತಿದವರಿಗಿಂತ ಹೆಚ್ಚಿನ ಸಾಧನೆಯನ್ನೇನೂ ಮಾಡಲಿಲ್ಲ. ಆದರೆ ನಡುವೆ ನಿಲ್ಲುವುದು ಕಡಿಮೆಯಾಯಿತು, ನಿಂತರೂ ಕಡಿಮೆ ಹೊತ್ತು ನಿಂತರು. ನನಗೆ ಅದೇ ದೊಡ್ಡ ಲಾಭ ಅನಿಸುತ್ತದೆ. ತೋಳು ಸೋಲುವುದು ನೇತಾಡಿಕೊಂಡು ಯೋಚನೆ ಮಾಡುವಾಗಲೇ.

ಹಂತ 2: ಬೆನ್ನು ತಿರುಗಿಸಿ ಬರೆಯುವುದು

ಓದಿ ಆಯಿತಾ? ಈಗ ಗೋಡೆಗೆ ಬೆನ್ನು ಹಾಕಿ ಕೂತು ರೂಟನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಚಿತ್ರ ಚೆನ್ನಾಗಿರಬೇಕಿಲ್ಲ. ಕೈಯ ಹೋಲ್ಡಿಗೆ ಒಂದು ಸೊನ್ನೆ, ಎಳೆಯುವ ದಿಕ್ಕಿಗೆ ಒಂದು ಬಾಣ, ಕಾಲಿಗೆ ಒಂದು ಗುಣಿಸು ಗುರುತು. ಎಲ್ಲಿ ನೆನಪು ಕೈಕೊಡುತ್ತದೋ ಅಲ್ಲಿ ಖಾಲಿ ಬಿಡಿ, ಊಹೆ ಮಾಡಿ ತುಂಬಬೇಡಿ. ಆ ಖಾಲಿ ಜಾಗವೇ ನೀವು ಸರಿಯಾಗಿ ನೋಡದ ಜಾಗ.

ಆಮೇಲೆ ಹತ್ತಿ. ಇಳಿದು ಬಂದ ತಕ್ಷಣ, ನೀರು ಕುಡಿಯುವ ಮುಂಚೆ, ಬೇರೆ ಬಣ್ಣದ ಪೆನ್ನಿನಲ್ಲಿ ನಿಜವಾಗಿ ಆಗಿದ್ದನ್ನು ಪಕ್ಕದಲ್ಲಿ ಬರೆಯಿರಿ. ಓದಿದ್ದು ಒಂದು, ಆಗಿದ್ದು ಒಂದು. ಒಂದಷ್ಟು ವಾರ ಬಿಡದೆ ಮಾಡಿದರೆ ನಿಮ್ಮ ತಪ್ಪುಗಳಿಗೆ ಒಂದು ಸ್ವಭಾವ ಇರುವುದು ಕಾಣುತ್ತದೆ. ಕೆಲವರು ಯಾವಾಗಲೂ ದೂರವನ್ನು ಕಡಿಮೆ ಅಂದಾಜು ಮಾಡುತ್ತಾರೆ. ಕೆಲವರಿಗೆ ಬದಿಗೆ ಎಳೆಯುವ ಹೋಲ್ಡು ಕಣ್ಣಿಗೇ ಬೀಳುವುದಿಲ್ಲ, ಕೆಲವರು ಎಡಗಾಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇಡೀ ತಾಲೀಮಿನಲ್ಲಿ ಒಂದೇ ಒಂದು ಹಂತ ಮಾಡುತ್ತೇನೆ ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಹಂತ 3: ಪಾದ ಕೂರುವ ತನಕ ಕಣ್ಣು ತೆಗೆಯದಿರುವುದು

ಯಾರಾದರೂ ಹತ್ತುವಾಗ ಪಕ್ಕದಿಂದ ಅವರ ತಲೆಯನ್ನು ಮಾತ್ರ ಗಮನಿಸಿ. ಕೆಳಗೆ ನೋಡುತ್ತಾರೆ, ಕಾಲಿಡುವ ಜಾಗ ಸಿಗುತ್ತದೆ, ಕಾಲು ಹೊರಡುತ್ತದೆ. ಕಾಲು ಇನ್ನೂ ಒಂದು ಗೇಣು ದೂರ ಇರುವಾಗಲೇ ಗಲ್ಲ ಮೇಲೆದ್ದು ಕಣ್ಣು ಮುಂದಿನ ಕೈ ಹೋಲ್ಡ್ ಹುಡುಕಲು ಹೋಗಿರುತ್ತದೆ. ಶೂ ಗೋಡೆಗೆ ಟಕ್ ಅಂತ ಬಡಿಯುತ್ತದೆ, ಅಂಚಿನ ಪಕ್ಕದಲ್ಲಿ ಕೂರುತ್ತದೆ, ಮತ್ತೆ ಎರಡು ಸಲ ಸರಿಸಿ ಸರಿ ಮಾಡಿಕೊಳ್ಳಬೇಕು. ಅಷ್ಟೂ ಹೊತ್ತು ಭಾರ ಬೆರಳಿನ ಮೇಲೆ. ಶಕ್ತಿ ಸಾಲದು ಅಂತ ಅಂದುಕೊಂಡಿರುವ ಎಷ್ಟೋ ಜನರ ನಿಜವಾದ ತೊಂದರೆ ಇದು.

ಗುರಿಯ ಮೇಲೆ ಕೊನೆಯ ನೋಟ ಸ್ಥಿರವಾಗಿ ನಿಲ್ಲುವುದಕ್ಕೆ ಕ್ರೀಡಾ ವಿಜ್ಞಾನದಲ್ಲಿ ಕ್ವಾಯೆಟ್ ಐ ಅನ್ನುತ್ತಾರೆ, ನಾವು ಶಾಂತ ನೋಟ ಅನ್ನೋಣ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಜೋನ್ ವಿಕರ್ಸ್ 1990ರ ದಶಕದಲ್ಲಿ ಬಾಸ್ಕೆಟ್‌ಬಾಲ್ ಫ್ರೀ ಥ್ರೋ ಎಸೆಯುವವರ ಕಣ್ಣನ್ನು ಅಳೆದು ನೋಡಿದರು. ಚೆನ್ನಾಗಿ ಎಸೆಯುವವರ ನೋಟ ಎಸೆತ ಶುರುವಾಗುವ ಮುಂಚೆ ಗುರಿಯ ಮೇಲೆ ಹೆಚ್ಚು ಹೊತ್ತು ನಿಂತಿರುತ್ತಿತ್ತು. ಆ ಕೆಲಸ ಬಹುಪಾಲು ಬಾಸ್ಕೆಟ್‌ಬಾಲ್, ಗಾಲ್ಫ್, ಶೂಟಿಂಗಿನಂಥ ಗುರಿಯಾಟಗಳದ್ದು. ಆದರೆ ಒಂದು ಸಣ್ಣ ಅಂಚಿನ ಮೇಲೆ ಹೆಬ್ಬೆರಳ ತುದಿ ಇಡುವುದೂ ಗುರಿ ಇಡುವ ಕೆಲಸವೇ ಅಲ್ವಾ?

ಅಭ್ಯಾಸ ಹೀಗೆ. ನಿಮಗೆ ತುಂಬಾ ಸುಲಭವಾದ ರೂಟ್ ಆರಿಸಿ. ಕಾಲಿಡುವ ಪ್ರತಿ ಜಾಗದಲ್ಲೂ ಚಾಕಿನಿಂದ ಒಂದು ಸಣ್ಣ ಚುಕ್ಕಿ ಇಡಿ, ಒಂದು ರೂಪಾಯಿ ನಾಣ್ಯಕ್ಕಿಂತ ದೊಡ್ಡದು ಬೇಡ. ಹತ್ತುವಾಗ ಚುಕ್ಕಿ ನೋಡಿ, ಕಾಲು ತನ್ನಿ, ಶೂ ತುದಿಯಿಂದ ಚುಕ್ಕಿ ಮುಚ್ಚಿ, ಭಾರ ಹಾಕಿ. ಭಾರ ಬಿದ್ದ ಮೇಲೆ ಮನಸ್ಸಿನಲ್ಲಿ "ಒಂದು" ಅಂದುಕೊಂಡು ಕಣ್ಣು ಎತ್ತಿ. ಸದ್ದು ಬಂದರೆ ಆ ಹೆಜ್ಜೆ ಮತ್ತೊಮ್ಮೆ. ಕೆಳಗಿರುವ ಜೊತೆಗಾರ ಕಿವಿಗೊಟ್ಟು ಕೇಳಲಿ. ಹೊರಗಿನ ಬಂಡೆಯ ಮೇಲೆ ಚುಕ್ಕಿ ಇಟ್ಟರೆ ಹೋಗುವಾಗ ಬ್ರಷ್ಷಿನಲ್ಲಿ ಉಜ್ಜಿ ಅಳಿಸಿ.

ನಮ್ಮ ತೋಟದಲ್ಲೇ ಇದನ್ನು ನೋಡಬಹುದು. ಕೊನೆ ಕೊಯ್ಲಿನ ಹೊತ್ತಿಗೆ ಕೊನೆಗೌಡ, ಅಂದರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವ, ಒಂದು ಅಡಿಕೆ ಮರದಿಂದ ಪಕ್ಕದ ಮರಕ್ಕೆ ದಾಟುವುದನ್ನು ಗಮನಿಸಿ. ಮರ ಓಲಾಡುತ್ತಾ ಇರುತ್ತದೆ, ಆದರೂ ಅವನ ನೋಟ ಮುಂದಿನ ಮರದಲ್ಲಿ ಕೈ ಬೀಳುವ ಜಾಗದಿಂದ ಕದಲುವುದಿಲ್ಲ. ಕೈ ಹಿಡಿತಕ್ಕೆ ಸಿಕ್ಕ ಮೇಲೆಯೇ ಬೇರೆ ಕಡೆ. ಯಾರೂ ಪಾಠ ಮಾಡಿ ಕಲಿಸಿದ್ದಲ್ಲ. ನೋಡಿ ಕಲಿಯಿರಿ. ಮರ ಹತ್ತಿ ದಾಟಲು ಮಾತ್ರ ಹೋಗಬೇಡಿ.

ಹಂತ 4: ಹಾರಿ ಹಿಡಿಯುವ ಹೋಲ್ಡಿಗೆ

ಇದು ಚಿಕ್ಕ ಹಂತ. ದೂರದ ಹೋಲ್ಡಿಗೆ ಜೋರಾಗಿ ಹೋಗುವಾಗ ಹೋಲ್ಡನ್ನು ಇಡಿಯಾಗಿ ನೋಡಬೇಡಿ. ಬೆರಳು ಕೂರುವ ಒಂದು ಬಿಂದುವನ್ನು ಆರಿಸಿ, ಅದನ್ನೇ ನೋಡುತ್ತಾ ಹೊರಡಿ, ಕೈ ತಾಗುವ ತನಕ ನೋಟ ಅಲ್ಲೇ ಇರಲಿ. ಹೊರಡುವ ಮುಂಚೆ ಕಾಲನ್ನು ಇನ್ನೊಂದು ಸಲ ನೋಡಬೇಕು ಅನಿಸಿದರೆ ನೋಡಿಕೊಳ್ಳಿ, ಆದರೆ ಆಮೇಲೆ ಬಿಂದುವಿಗೆ ವಾಪಸ್ ಬಂದು ನೋಟ ನಿಂತ ಮೇಲೆಯೇ ಹೊರಡಿ. ಬೋಲ್ಡರಿಂಗ್ ಆದರೆ, ಅಂದರೆ ಹಗ್ಗ ಇಲ್ಲದೆ ಗಿಡ್ಡ ಬಂಡೆ ಹತ್ತುವುದಾದರೆ, ಬೀಳುವ ಜಾಗ ಮತ್ತು ಹಾಸಿಗೆ ಎಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ.

ಹಂತ 5: ಹೆದರಿಕೆಯಾದಾಗ ನೋಟ ಅಗಲಿಸುವುದು

ಎತ್ತರದಲ್ಲಿ ಹೆದರಿಕೆ ಹತ್ತಿದಾಗ ಏನಾಗುತ್ತದೆ ಅಂತ ಹತ್ತಿದವರಿಗೆಲ್ಲ ಗೊತ್ತು. ಮೂಗಿನ ಮುಂದಿನ ಹೋಲ್ಡನ್ನೇ ದುರುಗುಟ್ಟಿ ನೋಡುತ್ತಾ ನಿಲ್ಲುತ್ತೇವೆ. ಮೊಣಕಾಲ ಪಕ್ಕದಲ್ಲೇ ಒಳ್ಳೆಯ ಅಂಚು ಇರುತ್ತದೆ, ಕಾಣುವುದಿಲ್ಲ. 2008ರಲ್ಲಿ ಇದನ್ನು ಕಣ್ಣಿನ ಚಲನೆ ಅಳೆಯುವ ಉಪಕರಣ ಹಾಕಿಸಿ ಪರೀಕ್ಷೆ ಮಾಡಿದ್ದರು. ಗೋಡೆಯಲ್ಲಿ ಮೇಲೆ ಆತಂಕದಲ್ಲಿ ಹತ್ತುವಾಗ ಒಂದೊಂದು ಕಡೆ ನೋಟ ನಿಲ್ಲುವ ಹೊತ್ತು ಉದ್ದವಾಯಿತು, ಹತ್ತಲು ಹಿಡಿದ ಸಮಯವೂ ಹೆಚ್ಚಾಯಿತು.

"ಹೆದರಬೇಡ" ಅಂತ ಕೆಳಗಿಂದ ಕೂಗಿದರೆ ಏನೂ ಆಗುವುದಿಲ್ಲ. ಕಣ್ಣಿಗೆ ಒಂದು ಕೆಲಸ ಕೊಡಬೇಕು. ನಾನು ಹೇಳುವ ಕ್ರಮ ಇದು: ಉಸಿರು ಪೂರ್ತಿ ಬಿಡಿ. ಎಡಪಾದ ನೋಡಿ, ಬಲಪಾದ ನೋಡಿ. ಎಡ ಮೊಣಕಾಲಿನ ಮಟ್ಟದಲ್ಲಿ ಏನಿದೆ, ಬಲ ಮೊಣಕಾಲಿನ ಮಟ್ಟದಲ್ಲಿ ಏನಿದೆ ನೋಡಿ. ಆಮೇಲೆ ಮೇಲೆ. ಯಾವಾಗಲೂ ಇದೇ ಕ್ರಮ, ಸುಲಭದ ಗೋಡೆಯಲ್ಲೂ ಇದೇ. ತಗ್ಗಿನಲ್ಲಿ ರೂಢಿಯಾಗಿದ್ದರೆ ಮಾತ್ರ ಎತ್ತರದಲ್ಲಿ ತಾನಾಗಿ ಬರುತ್ತದೆ.

ಅಭ್ಯಾಸಕ್ಕೆ ಟಾಪ್ ರೋಪ್ ಬಳಸಿ, ಅಂದರೆ ಹಗ್ಗ ಮೇಲಿನ ಕೊಂಡಿಯಿಂದ ಇಳಿದು ಬಂದಿರುವ ವ್ಯವಸ್ಥೆ. ಪ್ರತಿ ಮೂರನೇ ಹೋಲ್ಡಿಗೆ ನಿಂತು, ಕೈಗೆಟಕುವ ಮತ್ತು ಕಾಲಿಗೆಟಕುವ ಮೂರು ಜಾಗಗಳನ್ನು ಬಾಯಿಬಿಟ್ಟು ಹೇಳಿ. "ಬಲಗಾಲಿಗೆ ಮೊಣಕಾಲ ಹತ್ತಿರ ಒಂದು ಅಂಚು, ಎಡಗೈಗೆ ಬದಿಯಲ್ಲಿ ಒಂದು ಸೀಳು" ಹೀಗೆ. ಹೇಳದೆ ಮುಂದೆ ಹೋಗುವಂತಿಲ್ಲ.

ಇಲ್ಲಿ ಬಿಲೇ ಮಾಡುವವರಿಗೆ, ಅಂದರೆ ಕೆಳಗೆ ನಿಂತು ಹಗ್ಗ ಕಾಯುವವರಿಗೆ ಒಂದು ಮಾತು. ತಾಲೀಮು ಹತ್ತುವವರದ್ದು. ನಿಮ್ಮ ಕಣ್ಣು ಹತ್ತುವವರ ಮೇಲೆ, ಕೈ ಹಗ್ಗದ ಮೇಲೆ. ವಿಡಿಯೋ ತೆಗೆಯುವುದು, ನೋಟ್‌ಬುಕ್ ಹಿಡಿಯುವುದು ಮೂರನೆಯವರ ಕೆಲಸ. ಕತ್ತು ನೋಯದ ಹಾಗೆ, ತಲೆ ಎತ್ತದೆಯೇ ಮೇಲಿನದನ್ನು ಕಾಣಿಸುವ ಪ್ರಿಸಂ ಕನ್ನಡಕ ಒಳ್ಳೆಯದೇ, ಆದರೆ ಹಾಕಿಕೊಂಡು ನಡೆದಾಡಬೇಡಿ. ಕಾಲ ಕೆಳಗಿನ ಕಲ್ಲು ಕಾಣುವುದಿಲ್ಲ.

ಹಂತ 6: ಕಣ್ಣು ಮುಚ್ಚಿ ಮನಸ್ಸಿನಲ್ಲೇ ಹತ್ತುವುದು

ಜೆಕ್ ದೇಶದ ಆಡಮ್ ಒಂಡ್ರಾ 2017ರಲ್ಲಿ ನಾರ್ವೆಯ ಫ್ಲಾಟಾಂಗರ್ ಗುಹೆಯಲ್ಲಿ ಸೈಲೆನ್ಸ್ ಅನ್ನುವ ರೂಟ್ ಹತ್ತಿದರು. ಕಷ್ಟದ ಅಳತೆಯಲ್ಲಿ 9ಸಿ ದರ್ಜೆ ಪಡೆದ ಮೊದಲ ರೂಟ್ ಅದು. ಅದರ ತಯಾರಿಯಲ್ಲಿ ಅವರು ನೆಲದ ಮೇಲೆ ಮಲಗಿ, ಕಣ್ಣು ಮುಚ್ಚಿ, ಪ್ರತಿ ಚಲನೆಯನ್ನೂ ಕೈಕಾಲು ಆಡಿಸುತ್ತಾ ಮನಸ್ಸಿನಲ್ಲೇ ಮಾಡಿ ನೋಡುತ್ತಿದ್ದರು.

ನಿಮಗೂ ಬೇಕಾದ್ದು ಅದೇ, ಸಣ್ಣ ಪ್ರಮಾಣದಲ್ಲಿ. ಹೊರಗಿನಿಂದ ಸಿನಿಮಾ ನೋಡಿದ ಹಾಗೆ ನಿಮ್ಮನ್ನು ನೀವು ನೋಡಬೇಡಿ. ನಿಮ್ಮ ಕಣ್ಣಿನೊಳಗಿಂದಲೇ ನೋಡಿ: ಮುಂದೆ ಕಲ್ಲು, ಬೆರಳಿಗೆ ಒರಟು, ಬಲಗಾಲಿನ ಹೆಬ್ಬೆರಳ ಮೇಲೆ ಭಾರ. ಶೂ ಹಾಕಿಕೊಂಡು, ಗೋಡೆಯ ಬುಡದಲ್ಲೇ ಮಾಡಿದರೆ ಇನ್ನೂ ಒಳ್ಳೆಯದು. ಮುಖ್ಯವಾದ್ದು ವೇಗ. ಸ್ಟಾಪ್‌ವಾಚ್ ಒತ್ತಿ ಮನಸ್ಸಿನಲ್ಲಿ ಹತ್ತಿ, ಮುಗಿದಾಗ ನಿಲ್ಲಿಸಿ. ಆಮೇಲೆ ನಿಜವಾಗಿ ಹತ್ತಿದ ಸಮಯದ ಜೊತೆ ಹೋಲಿಸಿ. ಮನಸ್ಸಿನ ಸಮಯ ಅರ್ಧಕ್ಕಿಂತ ಕಡಿಮೆ ಬಂದರೆ ನೀವು ಎಲ್ಲೋ ಹಾರಿಸಿದ್ದೀರಿ, ಸಾಮಾನ್ಯವಾಗಿ ಕಾಲಿನ ಕೆಲಸವನ್ನು. ನೋಟ್‌ಬುಕ್ಕಿನ ಖಾಲಿ ಜಾಗಗಳನ್ನು ತೆಗೆದು ನೋಡಿ, ಎರಡೂ ಒಂದೇ ಕಡೆ ಇರುವುದು ಜಾಸ್ತಿ.

ಪೂರ್ತಿ ಹೊಸ ರೂಟಿಗೆ ಇದನ್ನು ಮಾಡಲು ಹೋಗಬೇಡಿ. ಕೈ ಮುಟ್ಟದ ಹೋಲ್ಡಿನ ಬಗ್ಗೆ ಮನಸ್ಸು ಕಟ್ಟುವ ಕಥೆ ತಪ್ಪಾಗಿರಬಹುದು, ತಪ್ಪನ್ನೇ ಉರು ಹೊಡೆದ ಹಾಗಾಗುತ್ತದೆ.

ಹಂತ 7: ಮಳೆಗಾಲದ ಪಾಠ

ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಹೊರಗಿನ ಕಲ್ಲು ಮುಟ್ಟುವ ಹಾಗಿಲ್ಲ, ಎಲ್ಲದಕ್ಕೂ ಹಾವಸೆ. ಆಗ ವಿಡಿಯೋ ಇಟ್ಟುಕೊಂಡು ಕೂರಿ. ಒಳ್ಳೆಯ ಸ್ಪರ್ಧಿಯ ಲೀಡ್ ಅಥವಾ ಬೋಲ್ಡರ್ ವಿಡಿಯೋ ಹಾಕಿ, ಕೈ ಹೊರಡುವ ಮುಂಚೆ ನಿಲ್ಲಿಸಿ, ಮುಂದೇನು ಅಂತ ಹೇಳಿ, ಆಮೇಲೆ ಓಡಿಸಿ. ಸುಮ್ನೆ ನೋಡುವುದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ. ಟೋಕಿಯೋ ಮತ್ತು ಪ್ಯಾರಿಸ್ ಎರಡೂ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಸ್ಲೊವೇನಿಯಾದ ಯಾನ್ಯಾ ಗಾರ್ನ್‌ಬ್ರೆಟ್ ಅವರ ಪಾದಗಳನ್ನು ಮಾತ್ರ ನೋಡುತ್ತಾ ಒಂದು ವಿಡಿಯೋ ಮುಗಿಸಿ. ಸ್ಪೀಡ್ ವಿಭಾಗದ ವಿಡಿಯೋ ಇದಕ್ಕೆ ಆಗುವುದಿಲ್ಲ. ಅದರ 15 ಮೀಟರ್ ಗೋಡೆಯಲ್ಲಿ ಪ್ರಪಂಚದ ಎಲ್ಲ ಕಡೆ ಒಂದೇ ರೂಟ್, ಅವರು ಓದುವುದಿಲ್ಲ, ಬಾಯಿಪಾಠ ಒಪ್ಪಿಸುತ್ತಾರೆ.

ಮಳೆ ಬಿಟ್ಟ ಮೇಲೆ ಓದುವ ಅಭ್ಯಾಸಕ್ಕೆ ಯಾಣಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್, ಎರಡೂ ಕಪ್ಪು ಸುಣ್ಣಕಲ್ಲು. ಸೀಳು, ಅಂಚು, ಗುಳಿ, ಚೂಪು ಎಲ್ಲ ಒಂದೇ ಕಡೆ ಸಿಗುತ್ತದೆ. ಬುಡದಲ್ಲಿ ಕೂತು 20 ಅಡಿ ಅಗಲದ ಒಂದು ಪಟ್ಟಿ ಆರಿಸಿ, ಕಣ್ಣಲ್ಲೇ ದಾರಿ ಹುಡುಕಿ, ಬೆನ್ನು ತಿರುಗಿಸಿ ಬರೆಯಿರಿ. ಬೆಳಗ್ಗೆ ಒಂದು ಸಲ, ಬಿಸಿಲು ತಿರುಗಿದ ಮೇಲೆ ಇನ್ನೊಂದು ಸಲ. ನೆರಳು ಬದಲಾದಾಗ ಬೆಳಗ್ಗೆ ಕಾಣದ ಅಂಚುಗಳು ಎದ್ದು ಬರುತ್ತವೆ. ಮುಟ್ಟಲು, ಹತ್ತಲು ಮಾತ್ರ ಹೋಗಬೇಡಿ. ಅದು ದೇವಸ್ಥಾನ, ಮೇಲೆ ಹೆಜ್ಜೇನಿನ ತಟ್ಟಿಗಳಿವೆ, ಕೆಳಗೆ ಪೂಜೆಗೆ ಬಂದ ಜನ ಇರುತ್ತಾರೆ. ಸೊಕ್ಕಿದ್ದವನಿಗೆ ಯಾಣ ಅಂತ ಹಿರಿಯರು ಹೇಳಿದ್ದು ಆ ದಾರಿಯ ಕಷ್ಟ ನೋಡಿ, ಬಂಡೆ ಏರಲಿ ಅಂತ ಅಲ್ಲ. ಬದಾಮಿಯಲ್ಲೂ ಅಷ್ಟೇ, ಸ್ಮಾರಕಗಳ ಹತ್ತಿರದ ಬಂಡೆ ಬಿಟ್ಟು, ಸ್ಥಳೀಯ ಕ್ಲೈಂಬರುಗಳನ್ನು ಕೇಳಿಕೊಂಡು ಹತ್ತಿ.

ಪದೇ ಪದೇ ಕೇಳುವ ಕೆಲವು ಸಾಮಾನು

ಬ್ರಾಕ್ ದಾರ, ಅಂದರೆ ಮೂರು ಮಣಿ ಪೋಣಿಸಿ ಮೂಗಿಗೆ ಹಿಡಿದು ನೋಡುವ ದಾರ: ಎರಡು ಕಣ್ಣು ಕೂಡಿ ಹತ್ತಿರದ ವಸ್ತುವಿನ ಮೇಲೆ ನಿಲ್ಲದ ತೊಂದರೆ ಇರುವವರಿಗೆ ಕಣ್ಣಿನ ತಜ್ಞರು ಕೊಡುತ್ತಾರೆ. ತೊಂದರೆ ಇಲ್ಲದವರಿಗೆ ಬೇಡ. ಮಿಣುಕುವ ಸ್ಟ್ರೋಬ್ ಕನ್ನಡಕ: ದುಬಾರಿ, ಗೋಡೆಯ ಮೇಲೆ ಅಪಾಯ, ನಾನು ಯಾರಿಗೂ ಹೇಳುವುದಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹತ್ತುವುದು: ಪಾದದ ಸ್ಪರ್ಶ ತಿಳಿಯಲು ಚೆನ್ನಾಗಿದೆ, ಆದರೆ ಟಾಪ್ ರೋಪಿನಲ್ಲಿ, ಪಳಗಿದ ಬಿಲೇ ಇದ್ದಾಗ, ಸುಲಭದ ರೂಟಿನಲ್ಲಿ ಮಾತ್ರ.

ವಾರಕ್ಕೆ ಎಷ್ಟು? ಹತ್ತುವ ಪ್ರತಿ ದಿನದ ಶುರುವಿನಲ್ಲಿ, ಮೈ ಬಿಸಿ ಮಾಡಿಕೊಳ್ಳುವ ಸುಲಭದ ರೂಟುಗಳಲ್ಲೇ ಹಂತ 3 ಸೇರಿಸಿ. ಬೇರೆ ಸಮಯ ಬೇಕಾಗಿಲ್ಲ. ಓದಿ ಬರೆಯುವುದು ದಿನಕ್ಕೆ ಎರಡು ರೂಟ್ ಸಾಕು, ಜಾಸ್ತಿ ಮಾಡಿದರೆ ಬೇಸರ ಬಂದು ಕಾಟಾಚಾರಕ್ಕೆ ಗೀಚುತ್ತೀರಿ. ಹಂತ 5 ವಾರಕ್ಕೊಮ್ಮೆ. ಎಲ್ಲವನ್ನೂ ಒಂದೇ ದಿನ ಹಿಡಿಯಬೇಡಿ, ಮೊದಲ ತಿಂಗಳು 2 ಮತ್ತು 3 ಮಾತ್ರ ಮಾಡಿ, ಆಮೇಲೆ ಒಂದೊಂದೇ ಸೇರಿಸಿ. ಹತ್ತುವಾಗ ತಲೆನೋವು, ಎರಡೆರಡು ಕಾಣುವುದು, ಒಂದು ಬದಿ ಮಸುಕಾಗುವುದು ಇದ್ದರೆ ತಾಲೀಮು ನಿಲ್ಲಿಸಿ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.